ಬನ್ನಿ ಹಬ್ಬಕ್ಕೆ ಬಳಿದ ಬ್ರೇಕು

ನನ್ನ ಕಾರಿನಲ್ಲಿ ಅಪ್ಪ ಕೂಡುತ್ತಿರಲಿಲ್ಲ. ನಾನು ಅದನ್ನು ತಗೊಂಡ ಮೇಲೆ ನಮ್ಮ ಓಣಿಯ ಅರ್ಧ ಮಂದಿ ಅದರಲ್ಲಿ ದವಾಖಾನೆಗೆ, ಮದುವೆಗೆ, ಕೋರ್ಟಿಗೆ ಹೋಗಿಬಂದರು. ಎದುರು ಮನೆಯ ಅಜ್ಜಿ ಜಡ್ಡಾದ ತನ್ನ ಆಡಿನ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಹುನಗುಂದದ ದನದ ದವಾಖಾನೆವರೆಗೆ ಬಂದಳು. ಆಡಿನ ಮರಿ ಕೂತಿತು, ನನ್ನಪ್ಪ ಕೂಡಲಿಲ್ಲ. ಈ ಸಿಟ್ಟು ನನ್ನೊಳಗೆ ಬಹಳ ದಿನದಿಂದ ಕುದಿಯುತ್ತಿತ್ತು.

ಅಪ್ಪ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂದು ಇದೇ ಸೀಮೆಯಲ್ಲಿ ಜೀವಮಾನವೆಲ್ಲ ಗಾಡಿ ಓಡಿಸಿದವನು. ಅವನಿಗೆ ಊರುಗಳು ಗೊತ್ತಿರುವುದೇ ತಿರುವು ತಗ್ಗುಗಳಿಂದ. ಯಾರದಾದರೂ ಮನೆ ಎಲ್ಲಿ ಎಂದು ಕೇಳಿದರೆ, "ಏರು ಮುಗದು ಮೂರನೇ ಗೇರಿಗೆ ಹಾಕ್ತೇವಲ್ಲ, ಅಲ್ಲೆ" ಅನ್ನುತ್ತಾನೆ. ಅವ್ವ ತೀರಿಕೊಂಡ ಮೇಲೆ ಇಳಕಲ್ಲಿನ ನಮ್ಮ ಮನೆಯಲ್ಲೇ ಇದ್ದಾನೆ. ನಾನು ಒಬ್ಬಳೇ ಮಗಳು. ಎಲ್ಲಿಗೆ ಹೋಗಬೇಕಾದರೂ ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ, ಡ್ರೈವರನ ಹಿಂದಿನ ಸೀಟು ಹಿಡಿದು, ಮಗನ ವಯಸ್ಸಿನ ಡ್ರೈವರನಿಗೆ ದಾರಿಯುದ್ದಕ್ಕೂ ಬುದ್ಧಿ ಹೇಳುತ್ತ ಹೋಗುತ್ತಾನೆ. ಅವರೂ 'ಕಾಕಾ, ಕಾಕಾ' ಎಂದು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ.

ನನ್ನ ಕಾರಿಗೆ ಯಾಕೆ ಬರುವುದಿಲ್ಲ ಎಂದರೆ ಅವನದು ಒಂದೇ ಉತ್ತರ.

"ಬ್ರೇಕ್ ಬರೋಬರಿ ಇಲ್ಲ."

ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಮಳೆಗಾಲದಲ್ಲೂ ಬ್ರೇಕ್, ಬೇಸಿಗೆಯಲ್ಲೂ ಬ್ರೇಕ್. ಪ್ರತಿ ವರ್ಷ ದಸರೆಯ ಬನ್ನಿ ಹಬ್ಬದ ದಿನ ಅಪ್ಪ ಬಾದಾಮಿಯಲ್ಲಿರುವ ತನ್ನ ಅಕ್ಕನಿಗೆ, ಅಂದರೆ ನನ್ನ ದೊಡ್ಡತ್ತೆಗೆ, ಬಂಗಾರ ಎಂದು ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿ ಬರುತ್ತಾನೆ. ಹೋದ ವರ್ಷ ನಾವು ಗಂಡ ಹೆಂಡತಿ ಕಾರಿನಲ್ಲಿ ಹೊರಟೆವು, ಅಪ್ಪ ಬಸ್ಸಿನಲ್ಲಿ ಹೊರಟ. ಒಂದೇ ಮನೆಯಿಂದ, ಒಂದೇ ಊರಿಗೆ, ಒಬ್ಬರ ಹಿಂದೆ ಒಬ್ಬರು! ಹುನಗುಂದ ದಾಟಿದ ಮೇಲೆ ನಾನು ಆ ಬಸ್ಸನ್ನು ಹಿಂದೆ ಹಾಕಿದೆ. ಕಿಟಕಿಯಲ್ಲಿ ಅಪ್ಪನ ಮುಖ ಕಂಡಿತು. ಹಾರ್ನ್ ಹೊಡೆದೆ. ಅವನು ಹೊಲದಲ್ಲಿ ಏನೋ ಬಹಳ ದೊಡ್ಡ ಸಂಗತಿ ನಡೆದಿದೆಯೆಂಬಂತೆ ಆ ಕಡೆ ಮುಖ ತಿರುವಿದ. ಅತ್ತೆಯ ಮನೆಯಲ್ಲಿ ನೆಂಟರೆಲ್ಲ ಕೇಳಿದರು: "ಯಾಕ, ತಂದಿ ಮಗಳು ಮಾತಾಡೂದಿಲ್ಲೇನು?" ನಾನು ನಾಚಿಕೆಯಿಂದ ನೆಲ ನೋಡಿದೆ. ಮುಂದಿನ ವರ್ಷ ಅಪ್ಪನನ್ನು ನನ್ನ ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡೇ ಅತ್ತೆಯ ಬಾಗಿಲಲ್ಲಿ ಇಳಿಯಬೇಕು ಎಂದು ಅಲ್ಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಮಗ್ಗದವರು ಬಿಳಿ ರೇಷ್ಮೆಯ ಲಡಿ ತಂದು ಕೊಡುತ್ತಾರೆ, ನಾವು ಹಂಡೆಯಲ್ಲಿ ಅದ್ದಿ, ಬಿದಿರ ಗಳಕ್ಕೆ ತೂಗಿಬಿಟ್ಟು, ನೆರಳಲ್ಲಿ ಒಣಗಿಸಿ ಮರಳಿ ಕೊಡುತ್ತೇವೆ. ಹಂಡೆಯ ಕೆಲಸ ನಮ್ಮ ಮನೆಯವರದು. ಬಣ್ಣ ಕೂಡಿಸುವುದು, ಸುತ್ತಲ ಊರುಗಳಿಗೆ ಮುಟ್ಟಿಸುವುದು ನನ್ನದು. ಕಾರು ಇರುವುದು ಅದಕ್ಕೇ. ಇವತ್ತು ಗುಳೇದಗುಡ್ಡಕ್ಕೆ ಕುಪ್ಪಸದ ಖಣದ ನೂಲು, ನಾಳೆ ಅಮೀನಗಡದ ಕಡೆಗೆ ಸೀರೆಯ ನೂಲು ಎಂದು ದಿನ ಬೆಳಗಾದರೆ ರಸ್ತೆಯ ಮೇಲೆ ಇರುತ್ತೇನೆ.

ಒಂದು ದಿನ ಗುಳೇದಗುಡ್ಡಕ್ಕೆ ಹೋಗಿ ಬಂದು ಗಾಡಿ ನಿಲ್ಲಿಸಿದೆ. ಅಪ್ಪ ಕಟ್ಟೆಯಿಂದ ಎದ್ದು ಬಂದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮುಂದಿನ ಎಡಗಾಲಿಯ ಹತ್ತಿರ ಕೈ ಹಿಡಿದು, ಮೂಗು ಮುರಿದ.

"ಇದು ಒಲಿ ಆಗೇತಿ. ಬೇಕಾದ್ರ ರೊಟ್ಟಿ ಸುಡು."

"ಬಿಸಲಾಗ ಬಂದೇನಪ್ಪಾ, ಕಾಯದಽ ಇರತೈತೇನು?"

"ಬಲಗಾಲಿ ಯಾಕ ತಣ್ಣಗೈತಿ ಮತ್ತ? ಅದೇನು ನೆರಳಾಗ ಬಂತೇನು?"

ಖರೆ ಹೇಳಬೇಕೆಂದರೆ ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕೆ ಎಳೆಯುವುದು ನನಗೂ ಗೊತ್ತಾಗಿತ್ತು. ಆದರೆ ಅಪ್ಪನ ಮುಂದೆ ಒಪ್ಪಿಕೊಳ್ಳುವುದುಂಟೇ?

ಮರುದಿನ ಸದ್ದಿಲ್ಲದೆ ಗ್ಯಾರೇಜಿಗೆ ಒಯ್ದೆ. ಗ್ಯಾರೇಜಿನವನು ಗಾಲಿ ಬಿಚ್ಚಿ ತೋರಿಸಿದ. ಗಾಲಿಯ ಹಿಂದೆ ತಾಟಿನಂಥ ಒಂದು ಹೊಳೆಯುವ ಡಿಸ್ಕ್ ತಿರುಗುತ್ತದೆ. ಅದರ ಅಂಚನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಕಬ್ಬಿಣದ ಮುಷ್ಟಿಗೆ ಕ್ಯಾಲಿಪರ್ ಅನ್ನುತ್ತಾರೆ. ಬ್ರೇಕ್ ಒತ್ತಿದರೆ ಮುಷ್ಟಿ ಬಿಗಿಯಬೇಕು, ಬಿಟ್ಟರೆ ಸಡಲಬೇಕು. ನನ್ನದು ಬಿಗಿದದ್ದು ಸಡಲುತ್ತಲೇ ಇರಲಿಲ್ಲ. ತುಕ್ಕು, ರಾಡಿ, ಕರಿ ಧೂಳು ಎಲ್ಲ ಸೇರಿ ಅದು ಕಬ್ಬಿಣವೋ ಕಲ್ಲೋ ತಿಳಿಯದಂತಾಗಿತ್ತು.

"ಹೊಸಾವು ಹಾಕೂಣ್ರಿ ಅಕ್ಕಾರ. ಇವು ಮುಗದಾವು."

"ಎಲ್ಲೆ ಒಡದಾವು, ತೋರ್ಸು."

"ಒಡದಿಲ್ರಿ. ಹೊಲಸಾಗ್ಯಾವು."

"ಹೊಲಸಾದದ್ದನ್ನ ತೊಳೀತಾರ, ಒಗೀತಾರೇನು?"

ಅವನು ನಕ್ಕು, "ನಮಗ ಹಬ್ಬದ ಗದ್ದಲ ಐತ್ರಿ, ಅಷ್ಟೆಲ್ಲ ತಿಕ್ಕಿಕೋತ ಕುಂಡ್ರಾಕ ಆಗೂದಿಲ್ಲ. ನೀವಽ ತಿಕ್ಕೊಳ್ರಿ" ಎಂದ. ಚಾಷ್ಟಿಗೆ ಅಂದದ್ದು. ನಾನು ಅದನ್ನು ಹಟಕ್ಕೆ ತಗೊಂಡೆ. ಜೋಡಿಸಿದ ಮೇಲೆ ಬಂದು ಬೋಲ್ಟು ಬಿಗಿ ಇವೆಯೋ ಇಲ್ಲವೋ ನೋಡಿಹೋಗಬೇಕೆಂದು ಅವನಿಂದ ಮಾತು ತಗೊಂಡು, ಗಾಡಿ ಎತ್ತಿ ನಿಲ್ಲಿಸುವ ಕಬ್ಬಿಣದ ಕುದುರೆಗಳನ್ನು ಎರವಲು ಕೇಳಿ ಮನೆಗೆ ತಂದೆ.

ಸಾಮಾನಿಗಾಗಿ ಬಾಗಲಕೋಟೆಗೆ ಹೋದೆ. ಹೊಸ ಪ್ಯಾಡು, ಗ್ರೀಸು, ಜಿಡ್ಡು ತೆಗೆಯುವ ಸ್ಪ್ರೇ ಎಲ್ಲ ಸಿಕ್ಕವು. ಕೊನೆಗೆ, ಕ್ಯಾಲಿಪರಿಗೆ ಮತ್ತೆ ತುಕ್ಕು ಹಿಡಿಯದಂತೆ ಬಳಿಯಲು ಕಾವು ತಡೆಯುವ ಬಣ್ಣ ಕೊಡಿ ಎಂದೆ. ಅಂಗಡಿಯವನು ನನ್ನ ಸೀರೆಯನ್ನೂ ಕೈಯಲ್ಲಿಯ ಚೀಲವನ್ನೂ ನೋಡಿ, "ಮಗಗ ಏನ್ರಿ ಅಕ್ಕಾರ? ಈಗಿನ ಹುಡುಗೂರು ಭಾಳ ಹಚ್ಚತಾರ್ರಿ ಇದನ್ನ" ಎಂದ.

"ನನಗರಿ. ಕೆಂಪು ತೋರಸ್ರಿ."

ಅವನು ತೋರಿಸಿದ್ದು ಟೊಮೇಟೊ ಕೆಂಪು. ಬೇರೆ ಕೆಂಪಿಲ್ಲವೇ ಎಂದೆ. ಕೆಂಪು ಅಂದರೆ ಕೆಂಪೇರಿ ಎಂದ. ಇಳಕಲ್ಲಿನಲ್ಲಿ ಯಾರಾದರೂ ಹೀಗೆ ಅಂದಿದ್ದರೆ ಊರು ಬಿಡಬೇಕಾಗುತ್ತಿತ್ತು. ದಾಳಿಂಬೆ ಕೆಂಪು ಬೇರೆ, ಕುಂಕುಮ ಕೆಂಪು ಬೇರೆ, ಸೆರಗಿನ ಕೆಂಪು ಬೇರೆ. ಆದರೂ ಬ್ರೇಕಿಗೆ ಇಷ್ಟು ಸಾಕು ಎಂದು ತಗೊಂಡು ಬಂದೆ.

ಹಿತ್ತಲಲ್ಲಿ, ಬಣ್ಣದ ಹಂಡೆಗಳ ಪಕ್ಕದಲ್ಲೇ ಕೆಲಸ ಶುರುವಾಯಿತು. ಮೊಬೈಲಿನಲ್ಲಿ ವಿಡಿಯೋ ಹಾಕಿ, ಕಲ್ಲಿಗೆ ಆನಿಸಿಟ್ಟು, ಒಂದೊಂದು ಬೋಲ್ಟನ್ನೂ ಬಿಚ್ಚಿದೆ. ಅಪ್ಪ ಹಗ್ಗದ ಹೊರಸಿನ ಮೇಲೆ ನನಗೆ ಬೆನ್ನು ಮಾಡಿ ಪೇಪರ್ ಓದುತ್ತಿದ್ದ. ಕ್ಯಾಲಿಪರ್ ಕಳಚಿ ಕೈಗೆ ಬಂತು. ಅದರ ಹಿಂದೆ ಎಣ್ಣೆ ಹೋಗುವ ರಬ್ಬರ್ ಕೊಳವೆ ಇರುತ್ತದೆ. ನಾನು ಕ್ಯಾಲಿಪರನ್ನು ಹಾಗೇ ಇಳಿಬಿಡುವುದರಲ್ಲಿದ್ದೆ, ಬೆನ್ನು ಮಾಡಿ ಕೂತಿದ್ದ ಅಪ್ಪನಿಂದ ಮಾತು ಬಂತು:

"ಕೋಳಿ ಕುತ್ತಿಗಿ ಹಿಡದಂಗ ಹಿಡೀಬ್ಯಾಡ. ಪೈಪ್ ಹರೀತೈತಿ."

ಬೆನ್ನಿಗೂ ಕಣ್ಣಿದ್ದವು! ನಾನು ಲಡಿ ತೂಗಿಬಿಡುವ ದಾರದಿಂದಲೇ ಕ್ಯಾಲಿಪರನ್ನು ಮೇಲಕ್ಕೆ ಕಟ್ಟಿ ತೂಗಿಬಿಟ್ಟೆ. ಮರುದಿನ ಹೊರಸು ಒಂದು ಮಾರು ಹತ್ತಿರ ಸರಿದಿತ್ತು. ಅದರ ಮರುದಿನ ಇನ್ನೂ ಹತ್ತಿರ. ಯಾರು ಸರಿಸಿದರೆಂದು ನಾನೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

ತೊಳೆಯುವುದು ನನಗೆ ಹೊಸದಲ್ಲ. ರೇಷ್ಮೆಗೆ ಬಣ್ಣ ಹಾಕುವ ಮೊದಲು ಅದರ ಅಂಟು ಕಳೆಯಬೇಕು. ನೂಲಿಗೆ ಹನಿ ಜಿಡ್ಡಿದ್ದರೂ ಅಲ್ಲಿ ಬಣ್ಣ ಹಿಡಿಯುವುದಿಲ್ಲ, ಸೀರೆ ನೇಯ್ದ ಮೇಲೆ ಮಚ್ಚೆಯಾಗಿ ಏಳುತ್ತದೆ. ಅದೇ ಪದ್ಧತಿಯಲ್ಲಿ ನಡೆದೆ. ಮೊದಲು ತಂತಿ ಬ್ರಷ್ಷಿನಿಂದ ತುಕ್ಕು ಉದುರಿಸಿದೆ. ಆಮೇಲೆ ಬಿಸಿನೀರಿಗೆ ಸೋಡಾ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಅದ್ದಿ, ಸಂದಿ ಸಂದಿ ತಿಕ್ಕಿದೆ. ರಬ್ಬರಿಗೆ ತಾಗದಂತೆ ಅರಿವೆ ಸುತ್ತಿದ್ದೆ. ಕರಿ ನೀರು ಹರಿದು ಹಿತ್ತಲ ಮೋರಿಯೆಲ್ಲ ಮಸಿಯಾಯಿತು. ಕೊನೆಗೆ ಒಳಗಿನಿಂದ ಬೂದು ಬಣ್ಣದ ಕಬ್ಬಿಣ ಕಂಡಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ನಮ್ಮ ಮನೆಯವರನ್ನು ಕರೆದು ತೋರಿಸಿದೆ. ಅವರು ಹಂಡೆ ಕಲಕುತ್ತಿದ್ದ ಕೋಲು ಹಿಡಿದುಕೊಂಡೇ ಬಂದು ನೋಡಿ, "ಹೌದು, ಕಬ್ಬಿಣ" ಎಂದು ಹೋದರು. ಕಟ್ಟಿಕೊಂಡದ್ದು ಇಂಥವರನ್ನು.

ಬಣ್ಣವನ್ನು ತೆಳ್ಳಗೆ ಹಚ್ಚಿದೆ. ಒಮ್ಮೆಗೇ ದಪ್ಪ ಹಚ್ಚುವ ಅವಸರ ಇಲ್ಲದವರು ಯಾರೂ ಇಲ್ಲ. ಆದರೆ ಬಣ್ಣದ ಮನೆಯಲ್ಲಿ ಪಳಗಿದ ಕೈಗೆ ತಾಳ್ಮೆ ತಾನಾಗಿ ಬರುತ್ತದೆ, ನಾಲಿಗೆಗೆ ಬರದಿದ್ದರೂ. ಒಂದು ಕೈ ಹಚ್ಚಿ, ಒಣಗಲು ಬಿಟ್ಟು, ಮತ್ತೊಂದು ಕೈ. ಡಿಸ್ಕಿಗೆ ಒಂದು ಹನಿಯೂ ಬೀಳದಂತೆ ಪೇಪರ್ ಅಂಟಿಸಿದ್ದೆ. ಕೆಂಪು ಕ್ಯಾಲಿಪರ್ ಬಿಸಿಲಿಗೆ ಹೊಳೆಯುವುದನ್ನು ನೋಡಿ ನಮ್ಮ ಮನೆಯವರು ಈ ಸಲ ಸ್ವಲ್ಪ ಹೆಚ್ಚು ಮಾತಾಡಿದರು.

"ಇಷ್ಟ ಚಂದ ಮಾಡಿ ಮ್ಯಾಲ ಗಾಲಿ ಹಾಕಿ ಮುಚ್ಚತೀಯಲ್ಲ, ಯಾರು ನೋಡ್ತಾರ?"

"ನಿಮ್ಮ ಬನಿಯನ್ನಿಗೆ ನೀಲಿ ಹಾಕಂತೀರಲ್ರಿ, ಅದನ್ನ ಯಾರು ನೋಡ್ತಾರ?"

ಅವರು ಹಂಡೆಯ ಕಡೆಗೆ ಹೋದರು.

ಹೊಸ ಪ್ಯಾಡು ಕೂಡಿಸಿ, ಗ್ರೀಸ್ ಹಚ್ಚಿ, ಗಾಲಿ ಬಿಟ್ಟು ಉಳಿದೆಲ್ಲವನ್ನೂ ಮರಳಿ ಜೋಡಿಸಿದ್ದು ಖಂಡೇ ಪೂಜೆಯ ಹಿಂದಿನ ದಿನ. ಗ್ಯಾರೇಜಿನವನು ಬಂದು ಒಂದೊಂದು ಬೋಲ್ಟನ್ನೂ ಜಗ್ಗಿ ನೋಡಿ, "ಏ ಅಕ್ಕಾರ, ನಮ್ಮ ಅಂಗಡಿಗೆ ಬರ್ರಿ ನೀವು" ಎಂದು ಒಪ್ಪಿಗೆ ಕೊಟ್ಟ. ಅವನು ಹೋದ ಮೇಲೆ ಅಪ್ಪ ಹೊರಸಿನಿಂದ ಎದ್ದ. ಗಾಲಿಯಿಲ್ಲದ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಅವನ ಕಾಲದ ಬಸ್ಸುಗಳಿಗೆ ಬ್ರೇಕು ದೊಡ್ಡ ಡಬ್ಬಿಯೊಳಗೆ ಮುಚ್ಚಿಕೊಂಡಿರುತ್ತಿತ್ತು. ಹೀಗೆ ಬಟಾಬಯಲಲ್ಲಿ ಹೊಳೆಯುವ ಬ್ರೇಕನ್ನು ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಛಲೋ ಮಾಡೀದಿ" ಎಂದ. ಆಮೇಲೆ ಮೊಣಕಾಲು ಹಿಡಿದು ಏಳುತ್ತ, "ಬನ್ನಿ ದಿನಾ ನೋಡೂಣು ಹಂಗಾದ್ರ."

ನೋಡೋಣ ಎಂದರೆ ಅಪ್ಪನ ಭಾಷೆಯಲ್ಲಿ ಮುಕ್ಕಾಲು ಪಾಲು ಬರುತ್ತೇನೆ ಎಂದರ್ಥ. ಅವತ್ತು ನಾನು ಊಟ ಮಾಡಿದ್ದು ನನಗೇ ನೆನಪಿಲ್ಲ.

ಮರುದಿನ ಖಂಡೇ ಪೂಜೆ. ಕೆಲಸದ ಹತಾರುಗಳನ್ನೆಲ್ಲ ತೊಳೆದು ಪೂಜೆಗೆ ಕೂಡಿಸುವ ದಿನ. ನಾವು ಹಂಡೆ, ಕೋಲು, ಗಳಗಳಿಗೆ ಪೂಜೆ ಮಾಡುವುದರಲ್ಲಿ ಮುಳುಗಿದ್ದೆವು. ಕಾರಿನ ಪಾಲು ಅಪ್ಪನದು. ಬಸ್ಸಿಗೆ ಅಷ್ಟು ವರ್ಷ ಪೂಜೆ ಮಾಡಿದವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಬೆಳಗಾಗುವ ಮೊದಲೇ ಮೈ ತೊಳೆದು ವಿಭೂತಿ ಹಚ್ಚಿಕೊಂಡು ಹಿತ್ತಲಿಗೆ ಹೋಗಿದ್ದ. ನಾನು ನೋಡುವ ಹೊತ್ತಿಗೆ ಬಾನೆಟ್ಟಿಗೆ ಚೆಂಡು ಹೂವಿನ ಮಾಲೆ, ಕಬ್ಬು ಕಟ್ಟಿದ್ದ; ಬೋಲ್ಟು ಬಿಗಿಯುವ ಪಾನಾ, ಜಾಕುಗಳೆಲ್ಲ ಮಣೆಯ ಮೇಲೆ ಸಾಲಾಗಿ ಕೂತು ಕುಂಕುಮ ಹಚ್ಚಿಕೊಂಡಿದ್ದವು. ಗಾಲಿ ಹಾಕಿಬಿಡುತ್ತೇನೆ, ಪಾನಾ ಕೊಡು ಎಂದು ಹಿತ್ತಲ ಬಾಗಿಲಿನಿಂದಲೇ ಕೇಳಿದೆ.

"ಹತಾರ ಪೂಜಾಕ್ಕ ಕುಂತಾವು. ಇವತ್ತ ಮುಟ್ಟಂಗಿಲ್ಲ. ನಾಳೆ ನಾನಽ ಹಾಕ್ತೇನಿ."

ಅಪ್ಪ ನನ್ನ ಕಾರಿಗೆ ಗಾಲಿ ಹಾಕುತ್ತಾನೆ! ನಾನು ಮರುಮಾತಾಡದೆ ಒಳಗೆ ಬಂದು ಹೋಳಿಗೆಯ ಹಿಟ್ಟು ನಾದಿದೆ.

ಬನ್ನಿಯ ದಿನ ಬೆಳಿಗ್ಗೆ ನಾನೆದ್ದು ನೋಡುವುದರೊಳಗೆ ಹೇಳಿದಂತೆ ಗಾಲಿಗಳು ಹತ್ತಿದ್ದವು. ಗಾಡಿ ತನ್ನ ಕಾಲ ಮೇಲೆ ತಾನು ನಿಂತಿತ್ತು. ಅಪ್ಪ ಬರುವ ಮೊದಲು ಒಮ್ಮೆ ಓಡಿಸಿ ನೋಡೋಣ, ಅತ್ತೆಗೆ ಹೂವೂ ತಂದಂತಾಯಿತು ಎಂದು ಒಬ್ಬಳೇ ಬಜಾರಿಗೆ ಹೊರಟೆ. ಓಣಿಯಲ್ಲಿ ನಿಧಾನ ಇದ್ದುದರಿಂದ ಏನೂ ತಿಳಿಯಲಿಲ್ಲ. ಹೂವಿನವರು ರಸ್ತೆಯ ಪಕ್ಕ ಚೆಂಡು ಹೂವಿನ ಗುಡ್ಡೆ ಹಾಕಿಕೊಂಡು ಕೂತಿದ್ದ ಕಡೆ ನಿಲ್ಲಿಸಲೆಂದು ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ. ಇನ್ನೂ ಒತ್ತಿದೆ. ಅದು ತನ್ನ ಪಾಡಿಗೆ ತಾನು, ಹಬ್ಬಕ್ಕೆ ಬಂದ ಬೀಗರಂತೆ, ಸಾವಕಾಶವಾಗಿ ಮುಂದೆ ಹೋಗಿ ಹೂವಿನ ಗುಡ್ಡೆಯೊಳಗೆ ಮೂತಿ ಇಟ್ಟು ನಿಂತಿತು. ಅದೂ ಕೈ ಬ್ರೇಕು ಎಳೆದದ್ದಕ್ಕೆ.

ಹೂವಿನಾಕೆ ಆಗಲೇ ಎದ್ದು ಆಚೆ ಹಾರಿದ್ದಳು. ಅವಳಿಗೆ ಏನೂ ಆಗಿಲ್ಲ ಎಂದು ಕಂಡ ಮೇಲೇ ನನ್ನ ಉಸಿರು ಬಂತು. ಅವಳು ಸೊಂಟಕ್ಕೆ ಕೈಯಿಟ್ಟು ನನ್ನನ್ನೂ ಗಾಡಿಯನ್ನೂ ಮೇಲಿಂದ ಕೆಳಗೆ ನೋಡಿದಳು.

"ಏನಬೇ ಯಕ್ಕಾ, ಹೂವಾ ಕೊಳ್ಳಾಕ ಬಂದಿಯೋ, ತುಳ್ಯಾಕ ಬಂದಿಯೋ?"

ಗಾಲಿಗೆ ಸಿಕ್ಕ ಹೂವನ್ನೆಲ್ಲ ಕೊಂಡು, ಅವಳ ಬೈಗಳನ್ನು ಪುಕ್ಕಟೆ ತಗೊಂಡು, ನಡೆಯುವವರಿಗಿಂತ ನಿಧಾನವಾಗಿ ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದೇ ಕೊರಗು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲ. ಮೊದಲು ಎಡಕ್ಕೆ ಎಳೆಯುತ್ತಿತ್ತು, ಹಾಗಾದರೂ ನಿಲ್ಲುತ್ತಿತ್ತು. ನಾನು ತಿಕ್ಕಿ ತೊಳೆದು ಬಣ್ಣ ಬಳಿದ ಮೇಲೆ ನಿಲ್ಲುವುದನ್ನೇ ಮರೆತಿದೆ. ಅಪ್ಪನಿಗೆ ಏನು ಹೇಳಲಿ?

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಬಂಪರಿಗೆ ಸಿಕ್ಕಿಕೊಂಡಿದ್ದ ಚೆಂಡು ಹೂಗಳನ್ನು ನೋಡಿ, "ಪೂಜಿ ನಿನ್ನೆ ಆತಲ್ಲವ್ವಾ, ಮತ್ಯಾಕ ಹೂವಾ?" ಎಂದ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಕಟ್ಟೆಯಿಂದ ಎದ್ದು ಬಂದ. ನನ್ನ ತಲೆಯಿಂದ ಕಾಲಿನವರೆಗೆ ನೋಡಿ, ಎಲ್ಲಿಯೂ ಪೆಟ್ಟಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಒಂದೇ ಮಾತು ಅಂದ.

"ನಾ ಬಸ್ಸಿಗೆ ಹೋಗ್ತೇನಿ. ನೀ ಇವತ್ತ ಎಲ್ಲೂ ಹೋಗಬ್ಯಾಡ."

ಒಳಗೆ ಹೋಗಿ ಚೀಲ ತುಂಬತೊಡಗಿದ. ನನಗೆ ಅಳು ಬಂತು, ಅಳುವಿಗಿಂತ ಸಿಟ್ಟು ಹೆಚ್ಚು ಬಂತು. ಹಬ್ಬದ ಸೀರೆಯಲ್ಲೇ ಸೆರಗು ಸಿಕ್ಕಿಸಿ ಜಾಕ್ ಏರಿಸಿದೆ. ಗಾಲಿ ಕಳಚಿದರೆ ಡಿಸ್ಕೆಲ್ಲ ಕೆಂಪು ಕೆಂಪು. ನಾನು ಹಚ್ಚಿದ ಬಣ್ಣವೇ ಕಾವಿಗೆ ಕರಗಿ ಇಳಿದಿದೆ ಎಂದುಕೊಂಡೆ. ಬೆರಳಿನಿಂದ ಒರೆಸಿ ಬಿಸಿಲಿಗೆ ಹಿಡಿದೆ. ಆ ಕೆಂಪು ನನ್ನ ಕೆಂಪಲ್ಲ. ನನ್ನದು ಟೊಮೇಟೊ, ಇದು ಕುಂಕುಮ. ಮೂಸಿದೆ. ದೀಪಕ್ಕೆ ಹಾಕುವ ಒಳ್ಳೆಣ್ಣೆ.

"ಯಾರ್ರಿ ಇದಕ್ಕ ಎಣ್ಣಿ ಹಚ್ಚಿದವರು?" ಎಂದು ನಾನು ಕೂಗಿದ ಕೂಗಿಗೆ ನಮ್ಮ ಮನೆಯವರು ಹಂಡೆಯ ಹಿಂದಿನಿಂದ ಎರಡೂ ಕೈ ಎತ್ತಿ ತೋರಿಸಿದರು. ಅಪ್ಪ ಚೀಲ ಹಿಡಿದುಕೊಂಡು ಹಿತ್ತಲಿಗೆ ಬಂದ.

"ನಾನಽ ಹಚ್ಚೇನಿ. ಪೂಜಿ ಅಂದ್ರ ಎಣ್ಣಿ ಕುಂಕುಮ ಹಚ್ಚಬ್ಯಾಡೇನು? ಬಸ್ಸಿಗೆ ವರ್ಷಾ ಹಚ್ಚೀನಿ, ಒಂದ ದಿನಾನೂ ಬ್ರೇಕ್ ತಪ್ಪಿಲ್ಲ."

"ಬಸ್ಸಿನ ಬ್ರೇಕ್ ಡಬ್ಬಿ ಒಳಗಿತ್ತಪ್ಪಾ. ನೀ ಡಬ್ಬಿಗೆ ಹಚ್ಚಿದಿ. ಇದರಾಗ ಹಚ್ಚಿದ್ದು ಖುದ್ದು ಬ್ರೇಕಿಗೇ. ಎಣ್ಣಿ ಹಚ್ಚಿದ ಕೈಲೆ ತಾಟು ಹಿಡದ್ರ ನಿಲ್ಲತೈತೇನು?"

ಅಪ್ಪ ಡಿಸ್ಕನ್ನು ನೋಡಿದ. ತನ್ನ ಬೆರಳನ್ನು ನೋಡಿಕೊಂಡ. ಚೀಲ ಕೈಯಿಂದ ಜಾರಿ ಕೆಳಗೆ ಕೂತಿತು. ನಾನು ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆಂದು ತಯಾರಾಗಿ ನಿಂತಿದ್ದೆ. ಇಷ್ಟು ದಿನ ಬ್ರೇಕಿಲ್ಲ ಬ್ರೇಕಿಲ್ಲ ಎಂದು ನನ್ನ ಜೀವ ತಿಂದವನು, ಇದ್ದ ಬ್ರೇಕನ್ನು ತಾನೇ ತೆಗೆದಿದ್ದ. ಆದರೆ ಅವನ ಧ್ವನಿ ಇಳಿದುಹೋಗಿತ್ತು.

"ನೀ ದಿನಾ ಒಬ್ಬಾಕೀನ ಹೊಡಕೊಂಡ ಹೋಗ್ತಿ. ಬಾಕಿ ಎಲ್ಲಾದಕ್ಕೂ ಒಂದೊಂದ ಬಟ್ಟು ಹಚ್ಚಿದೆ. ಬ್ರೇಕಿಗೆ ಮಾತ್ರ ಕೈ ತುಂಬ ಹಚ್ಚೇನವ್ವಾ. ಅದೊಂದು ಕೈ ಕೊಡಬಾರದು ಅಂತ."

ಸಿಟ್ಟು ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ. ಸೋಡಾ ನೀರಿನ ಬೋಗುಣಿಯನ್ನು ಅವನ ಮುಂದೆ ಸರಿಸಿದೆ.

"ಬಾ, ತಿಕ್ಕು" ಎಂದೆ.

ಎಣ್ಣೆ ಕುಡಿದ ಹೊಸ ಪ್ಯಾಡುಗಳು ಕೆಲಸಕ್ಕೆ ಬರುವಂತಿರಲಿಲ್ಲ. ಹಬ್ಬದ ದಿನ ಅಂಗಡಿ ಎಲ್ಲಿದ್ದಾವು? ನನ್ನ ಪುಣ್ಯಕ್ಕೆ, ಹಳೆಯ ಪ್ಯಾಡುಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಇಟ್ಟಿದ್ದೆ. ಇನ್ನೂ ಅರ್ಧ ದಪ್ಪ ಉಳಿದಿದ್ದವು. ನಾನು ಅವನ್ನು ಪಾಲಿಶ್ ಪೇಪರಿನಿಂದ ಉಜ್ಜುತ್ತ ಕೂತೆ. ಅಪ್ಪ ಹಬ್ಬದ ಧೋತರ ಮೇಲಕ್ಕೆ ಕಟ್ಟಿ ಡಿಸ್ಕ್ ತಿಕ್ಕಿದ. ಸೋಡಾದ ನೀರಿನಿಂದ ತಿಕ್ಕಿದ, ಸ್ಪ್ರೇ ಹೊಡೆದು ಒರೆಸಿದ, ಬಿಳಿ ಅರಿವೆಯಿಂದ ಒರೆಸಿ ನನಗೆ ತೋರಿಸಿದ. ಇನ್ನೂ ಎಣ್ಣೆ ಐತಿ ಎಂದರೆ ಮರುಮಾತಿಲ್ಲದೆ ಮತ್ತೆ ತಿಕ್ಕಿದ. ಒಂದು ಜನ್ಮದಲ್ಲಿ ಅಪ್ಪ ನನ್ನ ಮಾತು ಅಷ್ಟು ಕೇಳಿದ್ದು ಅದೊಂದೇ ಸಲ. ನಾನೂ ಸಂದರ್ಭ ಬಿಡದೆ ಸ್ವಲ್ಪ ಹೆಚ್ಚೇ ತಿಕ್ಕಿಸಿದೆ.

ಗಾಲಿ ಹಾಕಿ, ಖಾಲಿ ಓಣಿಯಲ್ಲಿ ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ ಓಡಿಸಿ ಓಡಿಸಿ ಬ್ರೇಕ್ ಹಾಕಿದೆ. ಪ್ರತಿ ಸಲವೂ ಗಾಡಿ ಕಲ್ಲು ಹಾಕಿದಂತೆ ನಿಂತಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಅಪ್ಪ ಗೋಡೆಗೆ ಆನಿಕೊಂಡು ಕಿವಿಗೊಟ್ಟು ಕೇಳುತ್ತಿದ್ದ. ಕೊನೆಗೆ ಚೀಲ ಎತ್ತಿಕೊಂಡು ಬಂದು ಮುಂದಿನ ಬಾಗಿಲು ತೆಗೆದ.

"ಅಮೀನಗಡ ತನಕ ಬರ್ತೇನಿ. ಅಲ್ಲಿಂದ ಬಸ್ ಹಿಡೀತೇನಿ."

ನಮ್ಮ ಮನೆಯವರು ಹಿಂದಿನ ಸೀಟಿನಲ್ಲಿ ಹೂವಿನ ರಾಶಿಯ ನಡುವೆ ಕೂತು, ಇಷ್ಟಾದರೂ ಆಯಿತಲ್ಲ ಎಂಬಂತೆ ಕನ್ನಡಿಯಲ್ಲಿ ನನಗೆ ಕಣ್ಣು ಮಾಡಿದರು.

ಅಪ್ಪ ಪಕ್ಕದಲ್ಲಿ ಕೂತದ್ದಲ್ಲ, ಪಕ್ಕದಲ್ಲಿ ಗಾಡಿ ಓಡಿಸಿದ್ದು. ಎದುರಿಗೆ ಲಾರಿ ಕಂಡರೆ ಅವನ ಬಲಗಾಲು ನೆಲ ಒತ್ತುತ್ತಿತ್ತು. ಹಂಪು ಬಂದರೆ ಎಡಗಾಲು ಕ್ಲಚ್ಚು ಹುಡುಕುತ್ತಿತ್ತು. ಬಾಯಿ ಮಾತ್ರ ಹೊಲಿದಂತೆ ಮುಚ್ಚಿದ್ದ. ನಿನ್ನೆಯ ಎಣ್ಣೆಯ ಋಣ ಬಾಯಿ ಬಿಡಗೊಡುತ್ತಿರಲಿಲ್ಲ. ಹುನಗುಂದ ದಾಟಿದ ಮೇಲೆ ಒಂದು ತಿರುವಿನಲ್ಲಿ ಒಮ್ಮೆಗೇ ಕುರಿಹಿಂಡು ರಸ್ತೆಗೆ ಬಂತು. ಹಣೆಗೆ ಭಂಡಾರ ಹಚ್ಚಿಕೊಂಡ ಕುರುಬರ ಅಣ್ಣ ಕೋಲು ಅಡ್ಡ ಹಿಡಿದು ಓಡಿ ಬರುತ್ತಿದ್ದ. ಬ್ರೇಕ್ ಒತ್ತಿದೆ. ಗಾಡಿ ನಿಂತಿತು. ಕಡೆಯ ಕುರಿ ಬಾನೆಟ್ಟನ್ನು ಒಮ್ಮೆ ಮೂಸಿ, ಅಲ್ಲಿ ಉಳಿದಿದ್ದ ಒಂದು ಚೆಂಡು ಹೂವನ್ನು ಬಾಯಿಗೆ ಹಾಕಿಕೊಂಡು ಹೋಯಿತು. ಅಪ್ಪನ ಎರಡೂ ಕಾಲು ನೆಲಕ್ಕೆ ಕೀಲಿಸಿದ್ದವು. ಏನಾದರೂ ಅನ್ನುತ್ತಾನೆಂದು ಕಾದೆ. ಅವನು ಚೀಲ ಸರಿಮಾಡಿಕೊಂಡ.

ಅಮೀನಗಡ ಬಂತು. ಕರದಂಟ್ ಅಂಗಡಿಗಳ ಮುಂದೆ ಬಾದಾಮಿಯ ಬಸ್ಸು ನಿಂತೇ ಇತ್ತು. ಮಂದಿ ಇಳಿದು ಪುಡಿಕೆ ಕಟ್ಟಿಸಿಕೊಳ್ಳುತ್ತಿದ್ದರು. ನಾನು ಬಸ್ಸಿನ ಹಿಂದೆ ನಿಲ್ಲಿಸಿದೆ. ಅಪ್ಪ ಚೀಲ ತಗೊಂಡು ಇಳಿದ. ಬಾಗಿಲು ಹಾಕಿ, ಹಿಂದೆ ತಿರುಗಿ ನೋಡದೆ ನಡೆದ. ಕರೆಯಬೇಕೆಂದು ಬಾಯಿ ತೆಗೆದೆ. ಆದರೆ ನಾನೂ ಅವನ ಮಗಳೇ, ಕರೆಯಲಿಲ್ಲ.

"ಕರೀ ಅವರನ್ನ" ಎಂದರು ನಮ್ಮ ಮನೆಯವರು.

"ನಾ ಯಾಕ ಕರೀಲಿ? ಅವಗ ಬಸ್ಸಽ ಬೇಕಂದ್ರ ಹೋಗ್ಲಿ."

ಹೇಳಿದೆನೇನೋ ಹೌದು, ಕಣ್ಣು ಅವನ ಬೆನ್ನ ಹಿಂದೆಯೇ ಹೋಯಿತು. ಅಷ್ಟು ತಿಕ್ಕಿದ್ದು, ಅಷ್ಟು ಬಳಿದದ್ದು, ಕುರಿಯ ಮುಂದೆ ಅಷ್ಟು ನೆಟ್ಟಗೆ ನಿಲ್ಲಿಸಿದ್ದು ಎಲ್ಲ ಅವನು ನೋಡಿದ್ದ. ಇನ್ನು ಮೇಲೆ ನಾನು ತೋರಿಸುವುದು ಏನೂ ಉಳಿದಿರಲಿಲ್ಲ. ಮತ್ತೆ ಈ ವರ್ಷವೂ ಅತ್ತೆಯ ಮನೆಗೆ ಬೇರೆ ಬೇರೆ ಹೋಗಿ ಇಳಿಯುವುದು. ಬಸ್ಸಿನ ಡ್ರೈವರ್ ಅಪ್ಪನನ್ನು ಕಂಡು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

"ಬರ್ರಿ ಕಾಕಾ, ಹತ್ರಿ! ನಿಮ್ಮ ಸೀಟ್ ಖಾಲಿ ಐತಿ ನೋಡ್ರಿ!"

ಅಪ್ಪ ಚೀಲದಲ್ಲಿ ಕೈ ಹಾಕಿ ಬನ್ನಿ ಎಲೆ ತೆಗೆದ. ತುದಿಗಾಲಲ್ಲಿ ನಿಂತು ಕಿಟಕಿಯಲ್ಲಿ ಆ ಹುಡುಗನ ಕೈಗೆ ಕೊಟ್ಟು, "ಬಂಗಾರದಂಗಿರು" ಎಂದ. ಹುಡುಗ ಎಲೆಯನ್ನು ಕಣ್ಣಿಗೆ ಒತ್ತಿಕೊಂಡು ಮತ್ತೆ ಕರೆದ. ಅಪ್ಪ ಎಂಜಿನ್ನಿನ ಗದ್ದಲಕ್ಕೆ ಮೀರಿ, ರಸ್ತೆಗೆಲ್ಲ ಕೇಳುವಂತೆ ಹೇಳಿದ:

"ಇಲ್ಲಪಾ, ನೀ ನಡೀ. ನಮ್ಮ ಡ್ರೈವರ್ ಕಾಯಾಕತ್ತಾಳ."

ಮಗಳು ಅನ್ನಲಿಲ್ಲ, ಡ್ರೈವರ್ ಅಂದ. ಜೀವಮಾನವೆಲ್ಲ ತಾನು ಹೊತ್ತ ಹೆಸರನ್ನು, ಇನ್ನೊಬ್ಬ ಡ್ರೈವರನ ಮುಂದೆ, ನನಗೆ ಕೊಟ್ಟ.

ಬಂದು ಕೂತ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಸ್ಸು ಹೊಗೆ ಬಿಟ್ಟು ಮುಂದೆ ಹೋಯಿತು. ನನಗೆ ರಸ್ತೆಯೆಲ್ಲ ನೀರು ನೀರಾಗಿ ಕಾಣುತ್ತಿತ್ತು. ಸೆರಗಿನಿಂದ ಒರೆಸಿಕೊಂಡರೂ ತಿಳಿಯಾಗಲಿಲ್ಲ. ಅಪ್ಪ ನನ್ನ ಕಡೆ ನೋಡಲಿಲ್ಲ, ಮುಂದಿನ ಗಾಜನ್ನೇ ನೋಡುತ್ತಿದ್ದ.

"ಬಸ್ ಹೋತು" ಎಂದ. "ನೀ ಯಾಕ ನಿಂತಿ? ಹೊಡಿ."